ಓದು ಹತ್ತದ ಮಗುವಿಗೆ ಶಾಲೆಯ ಆಯ್ಕೆ
(ಒಬ್ಬ ತಂದೆಯ ಅನುಭವ ಪಾಠ)

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಬಂಧುಗಳಲ್ಲಿ ಮಕ್ಕಳೊಂದಿಗರೇ ಹೆಚ್ಚು. ಪತ್ರಿಕೆ ಮಡಿಚಿಟ್ಟ ಮೇಲೆ ಮಾತು ತಿರುಗುವುದು ಸಾಮಾನ್ಯವಾಗಿ ಎರಡು ವಿಷಯಗಳ ಕಡೆಗೆ: ಒಂದು ಖೋಲಿಯ ಬಾಡಿಗೆ, ಇನ್ನೊಂದು ಮಕ್ಕಳ ಶಾಲೆ. ಬಾಡಿಗೆಯ ವಿಷಯದಲ್ಲಿ ಹೇಳುವಂಥದು ನನ್ನಲ್ಲಿ ಏನೂ ಇಲ್ಲ. ಶಾಲೆಯ ವಿಷಯದಲ್ಲಿ ಮಾತ್ರ ಹತ್ತು ವರ್ಷಗಳ ಅನುಭವವಿದೆ. ಬಡವರ ಮಗುವಿಗೂ ಖಾಸಗಿ ಶಾಲೆಯಲ್ಲಿ ಪುಕ್ಕಟೆ ಸೀಟು ದೊರಕುವ ಕಾಯಿದೆ ನಮ್ಮ ದೇಶದಲ್ಲಿ ಉಂಟು. ಆ ಸೀಟು ನನ್ನ ಮಗನಿಗೆ ಸಿಕ್ಕಿತು. ಆದರೆ ಅವನಿಗೆ ಓದು ಹತ್ತಲಿಲ್ಲ. ಆಗ ನಾವು ಪಟ್ಟ ಪಾಡು, ಮಾಡಿದ ತಪ್ಪು, ಕಲಿತ ಪಾಠ, ಇವನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಯಾರಾದರೊಬ್ಬರಿಗೆ ಉಪಯೋಗವಾದರೆ ಬರೆದುದು ಸಾರ್ಥಕ.

ಕಾಯಿದೆ ಏನು ಕೊಡುತ್ತದೆ?

ಮೊದಲು ಕಾಯಿದೆಯನ್ನು ತಿಳಿಯೋಣ. 2002ರಲ್ಲಿ ನಮ್ಮ ಸಂವಿಧಾನಕ್ಕೆ 86ನೆಯ ತಿದ್ದುಪಡಿಯಾಗಿ 21-ಎ ಎಂಬ ವಿಧಿ ಸೇರಿತು. 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಮೂಲಭೂತ ಹಕ್ಕಾಯಿತು. ಇದನ್ನು ಜಾರಿಗೆ ತರಲು 2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಹುಟ್ಟಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಜನ ಇದನ್ನು ಆರ್.ಟಿ.ಇ. ಎನ್ನುತ್ತಾರೆ.

ಈ ಕಾಯಿದೆಯ 12ನೆಯ ಕಲಮು ನಮ್ಮಂಥವರಿಗೆ ಮುಖ್ಯವಾದದ್ದು. ಸರಕಾರದ ಅನುದಾನ ಪಡೆಯದ ಖಾಸಗಿ ಶಾಲೆಗಳು ಸಹ ತಮ್ಮ ಮೊದಲ ತರಗತಿಯ ಸೀಟುಗಳಲ್ಲಿ ಕನಿಷ್ಠ ಶೇಕಡಾ 25 ಭಾಗವನ್ನು ನೆರೆಹೊರೆಯ ದುರ್ಬಲ ವರ್ಗದ ಹಾಗೂ ಅವಕಾಶವಂಚಿತ ಗುಂಪಿನ ಮಕ್ಕಳಿಗೆ ಕೊಡತಕ್ಕದ್ದು. ಅಂಥ ಮಗುವಿಗೆ ಎಂಟನೆಯ ತರಗತಿ ಮುಗಿಯುವವರೆಗೆ ಫೀ ಇಲ್ಲ. ಸರಕಾರವು ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ಖರ್ಚು ಅಥವಾ ಆ ಶಾಲೆಯ ಫೀ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಶಾಲೆಗೆ ತುಂಬಿಕೊಡುತ್ತದೆ. 2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಆದರೆ ಅಲ್ಪಸಂಖ್ಯಾತರ ಶಾಲೆಗಳಿಗೆ ಇದು ಅನ್ವಯಿಸದೆಂದು ಆ ತೀರ್ಪಿನಲ್ಲಿಯೂ 2014ರ ಇನ್ನೊಂದು ತೀರ್ಪಿನಲ್ಲಿಯೂ ಹೇಳಿತು. ಹೊರನಾಡಿನಲ್ಲಿ ಭಾಷಾ ಅಲ್ಪಸಂಖ್ಯಾತರೆಂಬ ಮಾನ್ಯತೆ ಪಡೆದ ನಮ್ಮ ಕನ್ನಡ ಸಂಸ್ಥೆಗಳ ಶಾಲೆಗಳೂ ಈ ವಿನಾಯಿತಿಯಲ್ಲಿ ಸೇರುತ್ತವೆ ಎಂಬುದನ್ನು ಗಮನಿಸಬೇಕು.

ಪ್ರವೇಶಕ್ಕೆ ಮಗುವಿನ ಇಲ್ಲವೆ ತಾಯಿತಂದೆಯರ ಪರೀಕ್ಷೆ ಮಾಡಕೂಡದು, ದೇಣಿಗೆ ಕೇಳಕೂಡದು ಎಂದು 13ನೆಯ ಕಲಮು ವಿಧಿಸಿದೆ. ಪರೀಕ್ಷೆ ಮಾಡಿದರೆ ಮೊದಲ ಸಲ 25,000 ರೂಪಾಯಿ, ಮುಂದೆ ಪ್ರತಿ ಸಲ 50,000 ರೂಪಾಯಿಯವರೆಗೆ ದಂಡವುಂಟು.

ಸೀಟು ಬಂದ ಬಗೆ

ನಾನು ವಿಜಾಪುರದ ಕಡೆಯವನು. ಮುಂಬಯಿಯ ಒಂದು ಸಾಗಾಣಿಕೆ ಆಫೀಸಿನಲ್ಲಿ ಕಾರಕೂನ. 2015ರಲ್ಲಿ ನನ್ನ ಸಂಬಳ ತಿಂಗಳಿಗೆ 8,000 ರೂಪಾಯಿ. ಮಹಾರಾಷ್ಟ್ರದಲ್ಲಿ ದುರ್ಬಲ ವರ್ಗದ ಆದಾಯದ ಮಿತಿ ವರ್ಷಕ್ಕೆ ಒಂದು ಲಕ್ಷ. ನಮ್ಮದು 96,000. ಬಡತನವೂ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತದೆ ಎಂದು ಮನೆಯವಳು ನಕ್ಕಳು.

ಇಲ್ಲಿ ವಲಸೆ ಬಂದವರು ತಿಳಿಯತಕ್ಕ ಒಂದು ಸಂಗತಿಯುಂಟು. ನನ್ನ ಬಳಿ ಊರಿನಿಂದ ತಂದ ಜಾತಿಯ ಪ್ರಮಾಣಪತ್ರವಿತ್ತು. ಅದು ಇಲ್ಲಿ ನಡೆಯಲಿಲ್ಲ. ಒಂದು ರಾಜ್ಯದಲ್ಲಿ ದೊರೆತ ಈ ಬಗೆಯ ಸ್ಥಾನಮಾನವನ್ನು ಇನ್ನೊಂದು ರಾಜ್ಯಕ್ಕೆ ವಲಸೆ ಹೋದವರು ತಾವಾಗಿ ಕೊಂಡೊಯ್ಯಲಾರರೆಂಬುದು 1990ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ನೆಲೆನಿಂತ ತತ್ತ್ವ. ಆದುದರಿಂದ ನಮಗಿದ್ದ ದಾರಿ ಆದಾಯದ್ದೊಂದೇ. ಇಲ್ಲಿಯ ತಹಸೀಲದಾರರ ಕಚೇರಿಯಿಂದ ಆದಾಯದ ಪ್ರಮಾಣಪತ್ರ, ವಾಸದ ಪುರಾವೆ, ಮಗುವಿನ ಜನನ ಪ್ರಮಾಣಪತ್ರ, ಈ ಮೂರನ್ನೂ ಕೂಡಿಸಲು ನನ್ನ ನಾಲ್ಕು ದಿನದ ರಜೆ ಹೋಯಿತು. ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬಬೇಕು; ಶಾಲೆಗಳ ಹೆಸರುಗಳನ್ನು ಆರಿಸಬೇಕು; ಮನೆಯಿಂದ ಶಾಲೆಗೆ ಎಷ್ಟು ದೂರವೆಂಬುದನ್ನು ನಕ್ಷೆಯಲ್ಲಿ ತೋರಿಸಬೇಕು; ಆಮೇಲೆ ಚೀಟಿ ಎತ್ತುತ್ತಾರೆ. ನಮ್ಮ ಚೀಟಿ ಬಂತು. 2015ರ ಜೂನಿನಲ್ಲಿ ಆರು ವರ್ಷದ ನನ್ನ ಮಗ ಒಂದು ದೊಡ್ಡ ಇಂಗ್ಲಿಷ್ ಮಾಧ್ಯಮ ಶಾಲೆಯ ಒಂದನೆಯ ತರಗತಿಗೆ ಸೇರಿದ. ನಮ್ಮ ಚಾಳಿನಲ್ಲಿ ಪೇಢೆ ಹಂಚಿದೆವು.

ಶಾಲೆಗಳನ್ನು ಆರಿಸುವಾಗ ನಾನು ನೋಡಿದ್ದು ಕಟ್ಟಡ, ಸಮವಸ್ತ್ರ, ಹೆಸರು. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಕಲಿಯಲು ನಿಧಾನವಾದ ಮಗುವಿಗೆ ಅಲ್ಲಿ ಏನು ಮಾಡುತ್ತಾರೆ ಎಂದು ಕೇಳಲಿಲ್ಲ. ಕೇಳಬೇಕೆಂದು ತಿಳಿದೂ ಇರಲಿಲ್ಲ. ಇದು ನನ್ನ ಮೊದಲ ತಪ್ಪು.

ಎರಡು ವರ್ಷ ಕಳೆದ ಮೇಲೆ

ಹುಡುಗ ಮಾತಿನಲ್ಲಿ ಚುರುಕು. ಅಂಗಡಿಗೆ ಕಳಿಸಿದರೆ ಚಿಲ್ಲರೆಯ ಲೆಕ್ಕ ಬಾಯಲ್ಲೇ ಮಾಡಿ ತರುತ್ತಿದ್ದ. ಅಜ್ಜಿ ಹೇಳಿದ ಕತೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಿದ್ದ. ಪುಸ್ತಕ ತೆರೆದರೆ ಮಾತ್ರ ಬೇರೆಯೇ ಹುಡುಗ. ಎರಡನೆಯ ತರಗತಿ ಮುಗಿದರೂ ಮೂರು ಅಕ್ಷರದ ಇಂಗ್ಲಿಷ್ ಶಬ್ದವನ್ನು ತಡವರಿಸದೆ ಓದಲಾರ. ಬಿ ಮತ್ತು ಡಿ ಅದಲುಬದಲು. ಹಲಗೆಯ ಮೇಲಿನದನ್ನು ನಕಲು ಮಾಡುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಬೆಳಗಾದರೆ ಹೊಟ್ಟೆನೋವು, ರವಿವಾರ ಮಾತ್ರ ಹೊಟ್ಟೆನೋವಿಲ್ಲ.

ಸೋಮಾರಿ ಎಂದೆ. ಬೈದೆ. ಎರಡು ಸಲ ಹೊಡೆದದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಟ್ಯೂಶನ್ನಿಗೆ ಹಾಕಿದೆ, ತಿಂಗಳಿಗೆ 500 ರೂಪಾಯಿ. ಅಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡಿಸಿದರು. ಪ್ರಶ್ನೆಯನ್ನೇ ಓದಲಾರದವನಿಗೆ ಉತ್ತರ ಬಂದು ಏನು ಪ್ರಯೋಜನ? ಇದು ನನ್ನ ಎರಡನೆಯ ತಪ್ಪು: ತೊಂದರೆ ಯಾವುದೆಂದು ತಿಳಿಯದೆ ಮದ್ದು ಕೊಟ್ಟದ್ದು.

ಒಂದು ಸಹಿಯ ಮಾತು

2018ರ ಜನವರಿಯಲ್ಲಿ, ಅವನು ಮೂರನೆಯ ತರಗತಿಯಲ್ಲಿದ್ದಾಗ, ಶಾಲೆಯಿಂದ ಕರೆ ಬಂತು. ಬಹಳ ಮರ್ಯಾದೆಯಿಂದಲೇ ಕೂರಿಸಿ ಮಾತನಾಡಿದರು. "ನಿಮ್ಮ ಹುಡುಗ ಇಲ್ಲಿಯ ವೇಗಕ್ಕೆ ಹೊಂದುವುದಿಲ್ಲ, ಅವನಿಗೆ ಬೇರೆ ಶಾಲೆ ಒಳ್ಳೆಯದು, ಈ ಕಾಗದಕ್ಕೆ ಸಹಿ ಮಾಡಿದರೆ ದಾಖಲೆ ಬೇಗ ಕೊಡುತ್ತೇವೆ" ಎಂದರು. ಕಾಗದ ಇಂಗ್ಲಿಷಿನಲ್ಲಿ ಟೈಪಾಗಿ ತಯಾರಾಗಿತ್ತು. ನನ್ನ ಕೈ ಪೆನ್ನಿಗೆ ಹೋಗಿತ್ತು. ಮನೆಯವಳನ್ನು ಒಂದು ಮಾತು ಕೇಳಿ ಬರುತ್ತೇನೆಂದು ಕಾಗದ ಕೇಳಿ ತೆಗೆದುಕೊಂಡು ಎದ್ದೆ.

ಆ ಸಂಜೆ ನೇರವಾಗಿ ಇದೇ ವಾಚನಾಲಯಕ್ಕೆ ಬಂದೆ. ನಿವೃತ್ತರಾದ ಹಿರಿಯರೊಬ್ಬರು ಪತ್ರಿಕೆ ಓದುತ್ತ ಕೂತಿದ್ದರು. ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಹೇಳಿದರು: "ಇದಕ್ಕ ಸಹಿ ಹಾಕಬ್ಯಾಡ್ರಿ. ಹುಡುಗನ್ನ ಹೊರಗ ಹಾಕೂ ಅಧಿಕಾರ ಸಾಲಿಯವರಿಗೆ ಇಲ್ಲ. ಅದಕ್ಕ, ತಂದಿನ ಬಿಡಿಸಿಕೊಂಡು ಹೋದ ಅಂತ ನಿಮ್ಮ ಕೈಲೆ ಬರಸಿಕೊಳ್ಳಾಕ ಹತ್ತ್ಯಾರ."

ಅವರು ಹೇಳಿದ್ದು ಸರಿಯಾಗಿತ್ತು. ಶಾಲೆಗೆ ಸೇರಿದ ಯಾವ ಮಗುವನ್ನೂ ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೆಯ ತರಗತಿ, ಮುಗಿಯುವವರೆಗೆ ಹೊರಹಾಕಕೂಡದೆಂದು ಕಾಯಿದೆಯ 16ನೆಯ ಕಲಮು ಹೇಳುತ್ತದೆ. ಅನುತ್ತೀರ್ಣ ಮಾಡಕೂಡದೆಂಬ ಅದರ ಇನ್ನೊಂದು ಭಾಗ 2019ರಲ್ಲಿ ಸಡಿಲವಾಗಿ, ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಿ, ಮರುಪರೀಕ್ಷೆಯಲ್ಲೂ ಪಾಸಾಗದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶವಾಯಿತು. ಆದರೆ ಹೊರಹಾಕಬಾರದೆಂಬ ನಿಯಮ ಹಾಗೆಯೇ ಉಳಿದಿದೆ. ಮಗುವನ್ನು ಹೊಡೆಯುವುದಾಗಲಿ ಮಾನಸಿಕವಾಗಿ ಪೀಡಿಸುವುದಾಗಲಿ ಕೂಡದೆಂದು 17ನೆಯ ಕಲಮು. ದೂರಿದ್ದರೆ 32ನೆಯ ಕಲಮಿನ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ, ಅಂದರೆ ಮುಂಬಯಿಯಂಥ ಊರಿನಲ್ಲಿ ಮಹಾನಗರಪಾಲಿಕೆಗೆ, ಬರೆದುಕೊಡಬೇಕು. ಮೂರು ತಿಂಗಳೊಳಗೆ ಅದು ತೀರ್ಮಾನವಾಗಬೇಕು. ಅದರ ಮೇಲೆ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗಕ್ಕೆ ಮೇಲ್ಮನವಿಯುಂಟು.

ಇನ್ನೂ ಒಂದು ಮಾತನ್ನು ಆ ಹಿರಿಯರು ತಿಳಿಸಿದರು. ಪುಕ್ಕಟೆ ಸೀಟು ದೊರಕುವುದು ಪ್ರವೇಶದ ತರಗತಿಯಲ್ಲಿ ಮಾತ್ರ. ಮೂರನೆಯ ತರಗತಿಯಲ್ಲಿ ಅದನ್ನು ಬಿಟ್ಟುಕೊಟ್ಟರೆ ನಾಲ್ಕನೆಯ ತರಗತಿಗೆ ಇನ್ನೊಂದು ಖಾಸಗಿ ಶಾಲೆಯಲ್ಲಿ ಅಂಥ ಸೀಟು ಸಿಕ್ಕುವುದಿಲ್ಲ. ನಾನು ಆ ದಿನ ಸಹಿ ಹಾಕಿದ್ದರೆ ಐದು ವರ್ಷದ ಫೀಯನ್ನು ಒಂದು ಗೀಟಿನಲ್ಲಿ ಹೊಡೆದುಹಾಕಿದಂತಾಗುತ್ತಿತ್ತು.

ಮರುದಿನ ಅವರೇ ಬರೆದುಕೊಟ್ಟ ಎರಡು ಸಾಲಿನ ಪತ್ರ ಒಯ್ದೆ. "ಮಗನ ತೊಂದರೆ ಏನೆಂದು ತರಗತಿಯ ಶಿಕ್ಷಕರು ಬರೆದುಕೊಡಬೇಕು, ಅದನ್ನು ತೆಗೆದುಕೊಂಡು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸುತ್ತೇನೆ." ಪ್ರತಿಯ ಮೇಲೆ ಶಾಲೆಯ ಮೊಹರು ಹಾಕಿಸಿಕೊಂಡೆ. ಆ ಮೇಲೆ ಬಿಡಿಸುವ ಮಾತು ಬರಲಿಲ್ಲ. ನ್ಯಾಯವಾಗಿ ಹೇಳುವುದಾದರೆ ಶಾಲೆಯವರು ದುಷ್ಟರೇನೂ ಅಲ್ಲ. ತರಗತಿಯ ಬಾಯಿಗೆ ಒಬ್ಬರೇ ಟೀಚರು. ನಿಧಾನ ಕಲಿಯುವವರಿಗೆ ಬೇರೆ ಶಿಕ್ಷಕರಿಲ್ಲ. ಸರಕಾರದ ಹಣ ಸಕಾಲಕ್ಕೆ ಬರುವುದಿಲ್ಲವೆಂಬುದು ಇಂಥ ಶಾಲೆಗಳ ಬಹುಕಾಲದ ದೂರು. ಆದರೆ ಅವರ ಕಷ್ಟದ ಭಾರ ನನ್ನ ಮಗನ ಹೆಗಲಿಗೆ ಬರಬೇಕಾಗಿರಲಿಲ್ಲ.

ತೊಂದರೆಗೆ ಒಂದು ಹೆಸರು

ಪಾಲಿಕೆಯ ಆಸ್ಪತ್ರೆಯೊಂದರಲ್ಲಿ ಮೊದಲು ಕಣ್ಣು, ಕಿವಿ ನೋಡಿದರು. ಎರಡೂ ಸರಿ. ಆ ಮೇಲೆ ಬುದ್ಧಿಶಕ್ತಿಯ ಪರೀಕ್ಷೆ; ಅದೂ ಸರಿ. ಕೊನೆಗೆ ಓದು, ಬರಹ, ಲೆಕ್ಕದ ಪರೀಕ್ಷೆ. ಆರೇಳು ಸಲ ಹೋಗಬೇಕಾಯಿತು. ಪ್ರತಿ ಸಲ ಅರ್ಧ ದಿನದ ಸಂಬಳ ಖೋತಾ. ಕೊನೆಯಲ್ಲಿ ವೈದ್ಯರು ಹೇಳಿದರು: ಇದು ಡಿಸ್ಲೆಕ್ಸಿಯಾ, ಅಂದರೆ ನಿರ್ದಿಷ್ಟ ಕಲಿಕಾ ನ್ಯೂನತೆಯ ಒಂದು ಬಗೆ. ಮಗು ದಡ್ಡನಲ್ಲ, ಸೋಮಾರಿಯೂ ಅಲ್ಲ. ಕಣ್ಣಿಗೆ ಕಂಡ ಅಕ್ಷರವನ್ನು ಅದರ ಧ್ವನಿಯೊಡನೆ ಕೂಡಿಸುವ ಕೆಲಸ ಅವನ ಮಿದುಳಿನಲ್ಲಿ ನಿಧಾನ. ಇದು ಹೊಸ ಸಂಗತಿಯಲ್ಲ. 1896ರಷ್ಟು ಹಿಂದೆಯೇ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು, ಎಲ್ಲದರಲ್ಲೂ ಚುರುಕಾಗಿದ್ದು ಓದಲು ಮಾತ್ರ ಬಾರದ 14 ವರ್ಷದ ಹುಡುಗನೊಬ್ಬನ ವಿಷಯ ಬರೆದಿದ್ದರು.

ಆ ದಿನ ರೈಲಿನಲ್ಲಿ ತಿರುಗಿ ಬರುವಾಗ ಮಗ ಕೇಳಿದ: "ಅಪ್ಪಾ, ಹಾಗಾದರೆ ನಾನು ದಡ್ಡ ಅಲ್ಲವಾ?" ಅಲ್ಲವೆಂದೆ. ಹೊಡೆದದ್ದು ನೆನಪಾಗಿ ಮುಂದೆ ಮಾತು ಬರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಈ ಕಲಿಕಾ ನ್ಯೂನತೆಯೂ ಸೇರಿದೆ. ಕಾಯಿದೆ 2017ರ ಏಪ್ರಿಲಿನಲ್ಲಿ ಜಾರಿಗೆ ಬಂತು. ಇಂಥ ಮಕ್ಕಳನ್ನು ಬೇಗ ಗುರುತಿಸುವುದು ಸರಕಾರದ ಹಾಗೂ ಸ್ಥಳೀಯ ಸಂಸ್ಥೆಗಳ ಹೊಣೆಯೆಂದು ಅದು ಹೇಳುತ್ತದೆ. ಶೇಕಡಾ 40 ಅಥವಾ ಹೆಚ್ಚಿನ ನ್ಯೂನತೆಯ ಪ್ರಮಾಣಪತ್ರವಿದ್ದವರಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾವು ಆರಿಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಮುಂಬಯಿಯಲ್ಲಿ ಶೀವದ ಲೋಕಮಾನ್ಯ ತಿಲಕ ಆಸ್ಪತ್ರೆಯಂಥ ಪಾಲಿಕೆ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯ ವ್ಯವಸ್ಥೆಯುಂಟು.

ಇಲ್ಲೊಂದು ತೊಡಕಿದೆ. 2012ರ ತಿದ್ದುಪಡಿಯಿಂದ ವಿಕಲಚೇತನ ಮಕ್ಕಳೂ ಶಿಕ್ಷಣ ಹಕ್ಕು ಕಾಯಿದೆಯ ಅವಕಾಶವಂಚಿತ ಗುಂಪಿನಲ್ಲಿ ಸೇರಿದ್ದಾರೆ. ಆದರೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಸಾಮಾನ್ಯವಾಗಿ ದೊರಕುವುದು ಎಂಟು ವರ್ಷ ತುಂಬಿದ ಮೇಲೆ. ಅದಕ್ಕಿಂತ ಮೊದಲು ತಡವಾಗಿ ಕಲಿಯುವ ಮಗು ಯಾವುದು, ನ್ಯೂನತೆಯಿರುವ ಮಗು ಯಾವುದು ಎಂದು ಹೇಳುವುದು ಕಠಿಣ. ಸೀಟಿನ ಬಾಗಿಲು ತೆರೆಯುವುದೋ ಆರನೆಯ ವರ್ಷಕ್ಕೆ. ಎಂದರೆ ಮಗುವಿಗೆ ಯಾವ ಶಾಲೆ ಬೇಕೆಂದು ತಿಳಿಯುವ ಮೊದಲೇ ನಾವು ಆರಿಸಿಬಿಟ್ಟಿರುತ್ತೇವೆ.

ಅಮೇರಿಕೆಯ ಒಂದು ಉದಾಹರಣೆ

ಈ ತೊಡಕು ನಮ್ಮಲ್ಲಿ ಮಾತ್ರವಲ್ಲ. ಸರಕಾರದ ಹಣ ಮಗುವಿನ ಜೊತೆಗೆ ಹೋಗಲಿ, ಶಾಲೆಯನ್ನು ತಾಯಿತಂದೆಯರು ಆರಿಸಲಿ ಎಂಬ ವಿಚಾರವನ್ನು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ಅಮೇರಿಕೆಯಲ್ಲಿ 1955ರಲ್ಲಿ ಮಂಡಿಸಿದರು. 1990ರಲ್ಲಿ ಮಿಲ್ವಾಕೀ ನಗರದ ಬಡ ಮಕ್ಕಳಿಗಾಗಿ ಅಂಥ ಯೋಜನೆ ಶುರುವಾಯಿತು. ಫ್ಲಾರಿಡಾ ರಾಜ್ಯದಲ್ಲಿ 1999ರಲ್ಲಿ ವಿಕಲಚೇತನ ಮಕ್ಕಳಿಗೆಂದೇ ಮೆಕೇ ವಿದ್ಯಾರ್ಥಿವೇತನ ಬಂತು. 2022ರಲ್ಲಿ ಅದು ಇನ್ನೊಂದು ಯೋಜನೆಯಲ್ಲಿ ಲೀನವಾಯಿತು. ಅಲ್ಲಿಯ ತಾಯಿತಂದೆಯರಿಗೆ ಖಾಸಗಿ ಶಾಲೆಯ ಬಾಗಿಲು ತೆರೆಯಿತು, ನಿಜ. ಆದರೆ 1975ರಿಂದ ಸರಕಾರಿ ಶಾಲೆಗಳಲ್ಲಿ ಇಂಥ ಪ್ರತಿ ಮಗುವಿಗೆ ಪ್ರತ್ಯೇಕ ಪಾಠಯೋಜನೆ ಮಾಡಬೇಕೆಂಬ ಕಾನೂನಿನ ಹಕ್ಕುಗಳಿದ್ದವಲ್ಲ, ವಿದ್ಯಾರ್ಥಿವೇತನ ಹಿಡಿದು ಖಾಸಗಿ ಶಾಲೆಗೆ ಹೋದವರು ಅವುಗಳಲ್ಲಿ ಹೆಚ್ಚಿನವನ್ನು ಬಿಟ್ಟುಕೊಡಬೇಕಾಯಿತು. ಹಣ ಮಗುವಿನ ಹಿಂದೆ ಹೋಯಿತು. ಹಕ್ಕು ಹಿಂದೆ ಉಳಿಯಿತು. ಕೆಲವರಿಗೆ ಒಳ್ಳೆಯ ಶಾಲೆ ಸಿಕ್ಕಿ ಮಗು ಉದ್ಧಾರವಾಯಿತು, ಸಿಗದವರು ಹಿಂದಿರುಗಿದರು. ಸೀಟು ಬೇರೆ, ಕಲಿಸುವಿಕೆ ಬೇರೆ ಎಂಬುದನ್ನು ಅವರೂ ಅನುಭವಿಸಿಯೇ ಕಲಿತರು.

ಭಾಷೆಯ ಪ್ರಶ್ನೆ

ಪ್ರಮಾಣಪತ್ರ ಕೈಗೆ ಬಂದ ಮೇಲೆ ನಾನು ಮತ್ತೆ ಯೋಚಿಸಿದೆ. ಹತ್ತಿರದಲ್ಲಿ ಪಾಲಿಕೆಯ ಕನ್ನಡ ಶಾಲೆಯಿತ್ತು. ಮುಂಬಯಿ ಮಹಾನಗರಪಾಲಿಕೆ ಕನ್ನಡದಲ್ಲಿಯೂ ಶಾಲೆ ನಡೆಸುವುದು ನಿಮಗೆ ತಿಳಿದದ್ದೇ. ಮನೆಯ ಮಾತಿನಲ್ಲಿ ಪಾಠವಾದರೆ ಅರ್ಥವಾದರೂ ಆದೀತಲ್ಲ ಎಂದು ಮನೆಯವಳು ಹೇಳಿದಳು. ಮಾತು ನಿಜ. ಆದರೆ ಈ ಊರಿನಲ್ಲಿ ಕನ್ನಡ ಶಾಲೆಯ ಮಗು ಕನ್ನಡ, ದೇವನಾಗರಿ, ಇಂಗ್ಲಿಷ್ ಎಂಬ ಮೂರು ಲಿಪಿ ಕಲಿಯಬೇಕು. ಕನ್ನಡದಲ್ಲಿ ಉಚ್ಚಾರದಂತೆ ಬರಹವಿರುವುದು ದೊಡ್ಡ ಅನುಕೂಲ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳನ್ನು ನೆನಪಿಡಬೇಕಾದುದು ದೊಡ್ಡ ಹೊರೆ. ಮೂರು ವರ್ಷ ಇಂಗ್ಲಿಷ್ ಲಿಪಿಯೊಡನೆ ಗುದ್ದಾಡಿದವನನ್ನು ಇನ್ನೊಂದು ಲಿಪಿಯ ಮೊದಲ ಮೆಟ್ಟಲಿಗೆ ನಿಲ್ಲಿಸುವುದು ಸರಿಯೇ? ವೈದ್ಯರು ಸದ್ಯಕ್ಕೆ ಹೊಸ ಲಿಪಿ ಬೇಡವೆಂದರು. ಒಂದನೆಯ ತರಗತಿಯಲ್ಲಿ ಕೇಳಿದ್ದರೆ ಉತ್ತರ ಬೇರೆಯಾಗಿರಬಹುದಿತ್ತು. ಆದುದರಿಂದ ಇದು ಎಲ್ಲರಿಗೂ ಒಪ್ಪುವ ಉತ್ತರವೆಂದು ತಿಳಿಯಬೇಡಿ.

ಹುಡುಗ ಅಲ್ಲಿಯೇ ಉಳಿದ. ನಾವು ಮೂರು ಕೆಲಸ ಮಾಡಿದೆವು. ಮೊದಲನೆಯದು, ಆಸ್ಪತ್ರೆಯ ವಿಶೇಷ ಶಿಕ್ಷಕಿ ತೋರಿಸಿದಂತೆ ದಿನಕ್ಕೆ ಅರ್ಧ ತಾಸು ಅಭ್ಯಾಸ: ಒಂದು ಧ್ವನಿ, ಅದರ ಅಕ್ಷರ, ಅಕ್ಕಿಯ ತಟ್ಟೆಯಲ್ಲಿ ಬೆರಳಿನಿಂದ ಬರೆಯುವುದು, ಎರಡು ಧ್ವನಿ ಕೂಡಿಸುವುದು, ತಪ್ಪಿದರೆ ಬೈಯದೆ ಹಿಂದಿನ ಮೆಟ್ಟಲಿಗೆ ಹೋಗುವುದು. ನೆರೆಮನೆಯ ಕಾಲೇಜು ಹುಡುಗಿ ಇದನ್ನು ನಡೆಸಿಕೊಟ್ಟಳು. ಎರಡನೆಯದು, ಅವಳು ಪಾಠವನ್ನು ಇಂಗ್ಲಿಷಿನಲ್ಲಿ ಓದಿ ಹೇಳುವಳು. ಹುಡುಗ ಅದನ್ನು ನನಗೆ ಕನ್ನಡದಲ್ಲಿ ಹೇಳುವನು. ನನಗೆ ಇಂಗ್ಲಿಷ್ ಅಷ್ಟು ಬಾರದು. ಆದರೆ ಮಗನಿಗೆ ಅರ್ಥವಾಗಿದೆಯೋ ಇಲ್ಲವೋ ಎಂದು ತಿಳಿಯಲು ಕನ್ನಡ ಸಾಕು. ಮೂರನೆಯದು, ತರಗತಿಯ ಟೀಚರನ್ನು ಕಂಡು ಎರಡೇ ಬೇಡಿಕೆ ಇಟ್ಟೆವು: ಮುಂದಿನ ಬೆಂಚಿನಲ್ಲಿ ಕೂರಿಸಿರಿ, ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿರಿ. ಆ ತಾಯಿ ಎರಡನ್ನೂ ನಡೆಸಿಕೊಟ್ಟರು. ಹೊಟ್ಟೆನೋವು ನಿಂತಿತು.

ಎಂಟನೆಯ ತರಗತಿಯ ನಂತರ

ಪುಕ್ಕಟೆ ಸೀಟು ಎಂಟನೆಯ ತರಗತಿಗೆ ಮುಗಿಯುತ್ತದೆಂಬುದನ್ನು ಮರೆಯಬಾರದು. ಒಂಬತ್ತನೆಯ ತರಗತಿಯ ಪೂರ್ಣ ಫೀ ನಮ್ಮ ಶಕ್ತಿಗೆ ಮೀರಿದ್ದು. 2023ರಲ್ಲಿ ಮಗನನ್ನು ಕಡಿಮೆ ಫೀಯ ಒಂದು ಅನುದಾನಿತ ಶಾಲೆಗೆ ಸೇರಿಸಿದೆವು. ಪ್ರಮಾಣಪತ್ರದ ಪ್ರತಿಯನ್ನು ಅರ್ಜಿಯೊಡನೆ ಮೊದಲ ವಾರವೇ ಕೊಟ್ಟೆವು. ಮಹಾರಾಷ್ಟ್ರದ ಪರೀಕ್ಷಾ ಮಂಡಳಿ ಇಂಥ ಮಕ್ಕಳಿಗೆ ಹೆಚ್ಚು ಸಮಯ, ಬರೆಯುವ ಸಹಾಯಕ, ಕಾಗುಣಿತದ ತಪ್ಪಿಗೆ ರಿಯಾಯಿತಿ ಮುಂತಾದ ಸವಲತ್ತು ಕೊಡುತ್ತದೆ. ಶಾಲೆಯ ಮೂಲಕ ಮುಂಚಿತವಾಗಿ ಅರ್ಜಿ ಹೋಗಬೇಕು. 2025ರಲ್ಲಿ ಅವನು ಹತ್ತನೆಯ ತರಗತಿ ಪಾಸಾದ. ದೊಡ್ಡ ಅಂಕಗಳೇನಲ್ಲ. ಈಗ ವಿದ್ಯುತ್ ಕೆಲಸ ಕಲಿಯುತ್ತಿದ್ದಾನೆ. ತಂತಿಯ ಜೋಡಣೆಯ ನಕ್ಷೆ ಅವನಿಗೆ ನೋಡಿದೊಡನೆ ತಿಳಿಯುತ್ತದೆ. ಕನ್ನಡ ಅವನಿಗೆ ಕಿವಿಯಿಂದ ಬಂತು, ಕಣ್ಣಿನಿಂದ ಬರಲಿಲ್ಲವೆಂಬ ಕೊರತೆ ನನಗಿತ್ತು. ಕಳೆದ ದೀಪಾವಳಿಯಿಂದ ತಾನಾಗಿಯೇ ನನ್ನ ಜೊತೆ ಬಂದು ಇಲ್ಲಿಯ ಪತ್ರಿಕೆಯ ತಲೆಬರಹ ಕೂಡಿಸಿ ಓದುತ್ತಾನೆ.

ಪಾಠದ ಸಾರ

1. ಪುಕ್ಕಟೆ ಸೀಟು ಫೀಯ ಚಿಂತೆ ಕಳೆಯುತ್ತದೆ. ಕಲಿಸುವ ಚಿಂತೆ ಕಳೆಯುವುದಿಲ್ಲ. ಶಾಲೆ ಆರಿಸುವಾಗ ಕಟ್ಟಡ ನೋಡುವ ಮೊದಲು, ನಿಧಾನ ಕಲಿಯುವ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳಿರಿ.

2. ಮಾತಿನಲ್ಲಿ ಚುರುಕಾದ ಮಗು ಓದಿನಲ್ಲಿ ಎಡವಿದರೆ ಮೊದಲು ಕಣ್ಣು, ಕಿವಿ ತೋರಿಸಿರಿ. ಎಂಟು ವರ್ಷವಾದೊಡನೆ ಕಲಿಕೆಯ ಪರೀಕ್ಷೆ ಮಾಡಿಸಿರಿ. ಹೊಡೆಯಬೇಡಿರಿ.

3. ಶಾಲೆ ಬಿಡಿಸುವ ಯಾವ ಕಾಗದಕ್ಕೂ ಕೂತಲ್ಲಿಯೇ ಸಹಿ ಹಾಕಬೇಡಿರಿ. ಕಾಗದ ಮನೆಗೆ ತನ್ನಿರಿ, ತಿಳಿದವರಿಗೆ ತೋರಿಸಿರಿ. ಕೊಟ್ಟ ಪ್ರತಿಯೊಂದು ಪತ್ರಕ್ಕೂ ಮೊಹರಿನ ಪ್ರತಿ ಇಟ್ಟುಕೊಳ್ಳಿರಿ.

4. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವರ್ಷದಿಂದ ವರ್ಷಕ್ಕೂ ಬದಲಾದೀತು. ಕರ್ನಾಟಕವು 2018ರ ಕೊನೆಗೆ ನಿಯಮ ತಿದ್ದಿ, ಸರಕಾರಿ ಅಥವಾ ಅನುದಾನಿತ ಶಾಲೆ ಇರುವ ನೆರೆಹೊರೆಯಲ್ಲಿ ಖಾಸಗಿ ಶಾಲೆಯ ಪುಕ್ಕಟೆ ಸೀಟನ್ನು ಕೈಬಿಟ್ಟಿತು. ಅಲ್ಲಿಯ ಹೈಕೋರ್ಟು 2019ರಲ್ಲಿ ಅದನ್ನು ಒಪ್ಪಿತು. ಮಹಾರಾಷ್ಟ್ರ 2024ರ ಫೆಬ್ರವರಿಯಲ್ಲಿ ಅಂಥದೇ ನಿಯಮ ತಂದಾಗ ಮುಂಬಯಿ ಹೈಕೋರ್ಟು ಅದೇ ವರ್ಷದ ಜುಲೈಯಲ್ಲಿ ರದ್ದುಗೊಳಿಸಿತು. ಮಗುವನ್ನು ಊರಿನಲ್ಲಿ ಅಜ್ಜ-ಅಜ್ಜಿಯರ ಬಳಿ ಬಿಟ್ಟು ಓದಿಸುವವರು ಇದನ್ನು ಗಮನದಲ್ಲಿಡಬೇಕು.

5. ಎಂಟನೆಯ ತರಗತಿಯ ಮುಂದಿನ ಫೀಗೆ ಏಳನೆಯ ತರಗತಿಯಲ್ಲಿಯೇ ದಾರಿ ಹುಡುಕಿರಿ.

ಮನನಕ್ಕೆ ಪ್ರಶ್ನೆಗಳು

ಅ) ನಿಮ್ಮ ಮಗುವಿನ ಶಾಲೆಯಲ್ಲಿ ಒಂದು ತರಗತಿಗೆ ಮಕ್ಕಳೆಷ್ಟು? ನೀವು ಟೀಚರನ್ನು ಕಂಡು ಎಷ್ಟು ದಿನವಾಯಿತು?

ಆ) ನೀವಿರುವ ರಾಜ್ಯದಲ್ಲಿ ಪುಕ್ಕಟೆ ಸೀಟಿನ ಆದಾಯದ ಮಿತಿ ಎಷ್ಟು? ಅರ್ಜಿ ಯಾವ ತಿಂಗಳಲ್ಲಿ?

ಇ) ಓದು ಹತ್ತದ ಮಗುವಿಗೆ ಮನೆಮಾತಿನ ಶಾಲೆ ಒಳ್ಳೆಯದೇ, ಇಂಗ್ಲಿಷ್ ಶಾಲೆಯೇ? ನಿಮ್ಮ ಅನುಭವವೇನು?

ಉತ್ತರ ಬರೆಯಬೇಕಾಗಿಲ್ಲ. ಸಂಜೆ ಬನ್ನಿರಿ, ಕೂತು ಮಾತನಾಡೋಣ. ಇಂಗ್ಲಿಷ್ ಅಥವಾ ಮರಾಠಿಯ ಯಾವುದಾದರೂ ಕಾಗದ ತಿಳಿಯದಿದ್ದರೆ ಜೊತೆಗೆ ತನ್ನಿರಿ. ಓದಿ ಹೇಳುವವರು ಇಲ್ಲಿ ಒಬ್ಬರಾದರೂ ಇರುತ್ತಾರೆ.